ಸೋಮವಾರ ನಾನು ಒಡೆಯಬೇಕಾದ ಯಂತ್ರಗಳು

ಮಾನ್ಯ ಉಗ್ರಾಣಾಧಿಕಾರಿಗಳೇ,

ತಮ್ಮ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತಮೂರು ಆಮ್ಲಜನಕ ಯಂತ್ರಗಳು ಬಿದ್ದಿವೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನ್ನು ಸುತ್ತಿಗೆಯಿಂದ ಒಡೆದು ಗುಜರಿಗೆ ಕಳಿಸಬೇಕೆಂದು ತಮ್ಮ ಆದೇಶ. ಒಡೆಯುವ ಕೂಲಿಯವನು ನಾನೇ. ಅವುಗಳಲ್ಲಿ ಒಂದರಿಂದ ಹೆಬ್ಬೆರಳ ಗಾತ್ರದ ಒಂದು ವಾಲ್ವ್ ಸಿಕ್ಕರೆ ನನ್ನ ಅಕ್ಕ ಉಸಿರಾಡುತ್ತಾಳೆ. ಕೇಳಿದ್ದಕ್ಕೆ ತಮ್ಮ ಕಚೇರಿ ಇಲ್ಲ ಎಂದಿದೆ.

ಅಕ್ಕನದೂ ಅದೇ ಯಂತ್ರ, ಹೋದ ವಾರ ಕೆಟ್ಟಿತು. ಯಾರೂ ರಿಪೇರಿ ಮಾಡಬಾರದೆಂದೇ ಅದರ ಕವಚವನ್ನು ಅಂಟು ಹಾಕಿ ಮುಚ್ಚಿದ್ದಾರೆ. ಆದರೂ ಬಿಚ್ಚಿದೆ, ಮೂವತ್ತು ವರ್ಷ ನಾನು ಮಾಡಿದ್ದು ಅದೇ ಕೆಲಸ. ಹೋಗಿದ್ದು ವಾಲ್ವ್ ಒಂದೇ. ಕಂಪನಿಯವರು ಬಿಡಿಭಾಗ ಮಾರುವುದಿಲ್ಲವಂತೆ, ಹೊಸ ಯಂತ್ರವನ್ನೇ ಕೊಳ್ಳಬೇಕಂತೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಮಾತು ಕೇಳಿದ್ದೆ; ಇವರು ತಲೆಯನ್ನೇ ಬದಲಿಸು ಎನ್ನುತ್ತಾರೆ. ಈಗ ಅಕ್ಕ ಎರವಲು ತಂದ ಸಿಲಿಂಡರಿನ ಮೇಲಿದ್ದಾಳೆ. ಅದು ಮಂಗಳವಾರದವರೆಗೆ ಬಂದರೆ ಹೆಚ್ಚು.

ತಮ್ಮ ಗುಮಾಸ್ತರ ಮುಂದೆ ಕೈಮುಗಿದು ನಿಂತೆ. "ಅವು ನಿರುಪಯುಕ್ತ ಅಂತ ಸಾಹೇಬ್ರ ಸಹಿ ಆಗಿದೆ ಕಣ್ರೀ. ಈಗ ಉಪಯೋಗಕ್ಕೆ ಬಂದ್ಬಿಟ್ರೆ ಸಹಿ ಸುಳ್ಳಾಗಲ್ವಾ?" ಎಂದರು. ಅವರ ತಲೆಯ ಮೇಲೆಯೇ ತಮ್ಮ ಇಲಾಖೆಯ ಫಲಕ ತೂಗುತ್ತಿತ್ತು: ವರ್ತುಲ ಆರ್ಥಿಕತೆ, ತಯಾರಾದ ವಸ್ತು ಕಸವಾಗದೆ ಮತ್ತೆ ಬಳಕೆಗೆ ಮರಳಲಿ. ವಸ್ತುವೇನೂ ಮರಳಲಿಲ್ಲ ಮಾನ್ಯರೇ. ಮೂರು ದಿನ ಕಿಟಕಿಯಿಂದ ಕಿಟಕಿಗೆ ವರ್ತುಲ ಸುತ್ತಿದವನು ನಾನು. ಶೆಡ್ಡಿನ ಯಂತ್ರಗಳ ಪೈಕಿ ಒಂದರಲ್ಲಿ ಫ್ಯಾನ್ ಕೆಟ್ಟಿರುತ್ತದೆ, ಇನ್ನೊಂದರಲ್ಲಿ ಬರೀ ಸ್ವಿಚ್ಚು. ಇದ್ದುದರಲ್ಲೇ ಕೂಡಿಸಿದರೆ ಹತ್ತಾದರೂ ಓಡುತ್ತವೆ. ಬಿಚ್ಚಿ ನೋಡದೆಯೇ ಸಹಿ ಹಾಕಿದವರು ಯಾರು?

ಶೆಡ್ಡಿನ ಕೆಲಸ ಸಿಕ್ಕಿದೆ ಎಂದಾಗ ಅಕ್ಕ ರಿಪೇರಿಯೆಂದೇ ತಿಳಿದಳು. "ಬಿಚ್ಚಿದ ಸ್ಕ್ರೂ ಎಲ್ಲಾ... ಬಟ್ಟಲಿಗೆ ಹಾಕ್ಕೊಳ್ಳೋ. ಕಳೀಬೇಡ" ಎಂದಳು, ಮಧ್ಯೆ ಉಸಿರೆಳೆದುಕೊಂಡು. ಅಮ್ಮನಿಲ್ಲದ ನನ್ನನ್ನು ಸಾಕಿ, ಹೀಗೆಯೇ ಹೇಳಿ ಹೇಳಿ ಕೆಲಸಗಾರನನ್ನಾಗಿ ಮಾಡಿದವಳು. ಸುತ್ತಿಗೆಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ನನಗೆ ತುಂಬಾ ಭಯವಾಗುತ್ತಿದೆ.

ಒಡೆಯುವ ಮೊದಲು ಬಿಚ್ಚಿ ನೋಡತಕ್ಕದ್ದು ಎಂದು ಆದೇಶಕ್ಕೆ ಒಂದು ಸಾಲು ಸೇರಿಸಿ. ಸಹಿಯ ಮರ್ಯಾದೆ ಉಳಿಯಲೇಬೇಕೆಂದರೆ, ವಾಲ್ವ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಿರುಪಯುಕ್ತ ಎಂದಾದರೂ ಬರೆಯಿರಿ. ಬರೆಯದಿದ್ದರೂ ಸೋಮವಾರ ಹತ್ತಕ್ಕೆ ಬರುತ್ತೇನೆ. ಸುತ್ತಿಗೆ ತರುವುದಿಲ್ಲ. ಸ್ಕ್ರೂಡ್ರೈವರ್ ತರುತ್ತೇನೆ, ಅಕ್ಕನ ಬಟ್ಟಲನ್ನೂ ತರುತ್ತೇನೆ. ಬೀಗ ತೆಗೆಸುತ್ತೀರೋ, ಪೊಲೀಸರನ್ನು ಕರೆಸುತ್ತೀರೋ, ಏನು ಮಾಡುವುದಿದ್ದರೂ ಮಂಗಳವಾರದೊಳಗೆ ಮಾಡಿ.

ಇಂತಿ,
ನಿರುಪಯುಕ್ತನೆಂದು ಇನ್ನೂ ತಮ್ಮ ಸಹಿ ಬೀಳದ
ಒಬ್ಬ ರಿಪೇರಿಯವ