ಕಂಬಿಯ ಮೇಲಿನ ಕೈ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಬಟ್ಟೆ ಒಗೆದಾಯಿತು. ಹಗ್ಗದ ಮೇಲೆ ನನ್ನ ನಾಲ್ಕು ಲಂಗ, ಅವಳ ನಾಲ್ಕು ಲಂಗ. ಅವಳವು ಅಳತೆ ಹಿಡಿದು ಹಾಕಿದ ಹಾಗೆ, ನನ್ನವು ಹೇಗೆ ಬಿದ್ದರೆ ಹಾಗೆ. ಅವಳು ಅಂದರೆ ಜೊತೆಗಾತಿ. ಈ ಪುಸ್ತಕದಲ್ಲಿ ಅವಳ ಹೆಸರು ಗಡಿಯಾರ. ಆರೂವರೆಗೆ ಎದ್ದು, ಆರೂ ಮೂವತ್ತೊಂದಕ್ಕೆ ನನ್ನ ಹೊದಿಕೆ ಎಳೆಯುತ್ತಾಳೆ. ನಾವಿಬ್ಬರೂ ಮಾರ್ಮನ್ ಸಭೆಯ ಪ್ರಚಾರಕಿಯರು, ಮನೆ ಮನೆಗೆ ಹೋಗಿ ಧರ್ಮ ಹೇಳುವವರು. ಮಿಷನ್ ನಿಯಮ — ಒಬ್ಬರು ಇನ್ನೊಬ್ಬರ ಕಣ್ಣಳತೆ ದಾಟಿ ಹೋಗುವಂತಿಲ್ಲ. ಮಿಷನ್ ಮುಗಿಯುವವರೆಗೂ, ಹದಿನೆಂಟು ತಿಂಗಳು! ಬಚ್ಚಲಿಗೆ ಮಾತ್ರ ರಿಯಾಯಿತಿ, ದೇವರು ದೊಡ್ಡವನು.

ಸೋಮವಾರವೊಂದೇ ನಮ್ಮದು. ಒಗೆಯುವುದು, ಸಾಮಾನು ತರುವುದು, ಮನೆಗೆ ಫೋನ್. ಅಮ್ಮ ಕೇಳಿದಳು, "ಸರಿಯಾಗಿ ಊಟ ಮಾಡ್ತಿದೀಯಾ?" ಮಾಡ್ತಿದೀನಿ ಅಂದೆ. "ಚಪ್ಪಲಿ ಕಚ್ಚೋದು ನಿಂತಿತಾ?" ನಿಂತಿತು ಅಂದೆ. ಎರಡೂ ಸುಳ್ಳು. ಕೂದಲೆಳೆಯಷ್ಟು ಸುಳ್ಳಿನಿಂದ ಯಾರ ಗಂಟೂ ಹೋಗುವುದಿಲ್ಲ, ನಾಲ್ಕು ಜನ ನೆಮ್ಮದಿಯಾಗಿರುತ್ತಾರೆ — ಇದು ನನ್ನ ಹುಟ್ಟುಗುಣ. ವಾರದ ವರದಿಯಲ್ಲಿ ಹದಿಮೂರು ಮನೆಗೆ ಹೋಗಿದ್ದು 'ಹದಿನೈದರ ಹತ್ತಿರ' ಆಗುತ್ತದೆ. ಗಡಿಯಾರ ಅದನ್ನು ಹೊಡೆದುಹಾಕಿ ಹದಿಮೂರು ಅಂತ ಬರೆಯುತ್ತಾಳೆ. ಬೈಯುವುದಿಲ್ಲ. ಬೈದರೆ ಎಷ್ಟೋ ವಾಸಿ.

ತಾರಸಿಯಿಂದ ನೋಡಿದರೆ ಎಷ್ಟೊಂದು ಕಿಟಕಿ... ಒಂದೊಂದರ ಹಿಂದೆಯೂ ಯಾರೋ ಇದ್ದಾರೆ. ಬಂದು ಐದು ತಿಂಗಳಾದರೂ ಇದನ್ನು ನೋಡಿದರೆ ಎದೆ ಝುಂ ಅನ್ನುತ್ತದೆ.

ಮಾರ್ಚ್ 6, ಗುರುವಾರ

ಸೇವೆಯ ದಿನ, ಅಂದರೆ ಪುಕ್ಕಟೆ ಕೆಲಸ. ಒಂಬತ್ತರಿಂದ ಹನ್ನೊಂದು, ತಿರುವಿನ ಇಸ್ತ್ರಿ ಅಂಗಡಿ. ಅಲ್ಲಿ ನಾವಾಗಿ ಧರ್ಮದ ಮಾತು ಎತ್ತುವಂತಿಲ್ಲ, ಅವರೇ ಕೇಳಿದರೆ ಸರಿ. ಮಡಚುವುದು, ಬಿಟ್ಟ ಗುಂಡಿ ಹಾಕುವುದು, ಗಂಟು ಕಟ್ಟುವುದು.

ಅಂಗಡಿಯವರಿಗೆ ಅರವತ್ತೊಂದು. ಮೊದಲ ದಿನ ಅಜ್ಜಿ ಅಂದಿದ್ದೆ. "ಅಜ್ಜಿಯಂತೆ! ಬಿಸಿ ಪೆಟ್ಟಿಗೆ ಕೈಯಲ್ಲಿದೆ, ನೋಡ್ಕೊಂಡು ಮಾತಾಡು. ದೊಡ್ಡಮ್ಮ ಅನ್ನು." ಅಂದಿನಿಂದ ದೊಡ್ಡಮ್ಮ. ನಮ್ಮನ್ನು ಒಳಗೆ ಕರೆದವರೂ ಅವರೇ. ಬೀದಿಯಲ್ಲಿ ನಮ್ಮ ಪಾಡಿಗೆ ಹೋಗುತ್ತಿದ್ದೆವು. "ಏ ಮಾರ್ಮನ್ ಹುಡುಗಿ! ದೇವರ ಸುದ್ದಿ ಆಮೇಲೆ ಹೇಳ್ವಂತೆ. ಲಂಗ ನೋಡಿದ್ರೆ ಹಸು ಅಗಿದು ಉಗುಳಿದ ಹಾಗಿದೆ. ತಾ ಇಲ್ಲಿ." ಪರದೆಯ ಹಿಂದೆ ಟವೆಲ್ ಸುತ್ತಿಕೊಂಡು ನಿಂತೆ. ಎರಡೇ ನಿಮಿಷ. ಹೊಸ ಲಂಗ ವಾಪಸ್ ಬಂತು.

ಇವತ್ತು ಕೆಲಸ ಬಿಟ್ಟು ನೋಡುತ್ತಾ ನಿಂತುಬಿಟ್ಟೆ. ಕಾಲರಿನ ಒಳಮೈ, ಹೊರಮೈ, ಭುಜ, ತೋಳು... ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸುತ್ತಾರೆ. ಪೆಟ್ಟಿಗೆ ಚುಂಯ್ ಅನ್ನುತ್ತದೆ, ಹಬೆ ಏಳುತ್ತದೆ, ಹಬೆಯೊಳಗಿಂದ ಅಂಗಿ ಎದ್ದು ಬರುತ್ತದೆ. ಯಾರದೋ ಅಂಗಿ. ಅವನ ಬೆನ್ನು ಎಷ್ಟಗಲ, ಯಾವ ಮೊಣಕೈ ಊರಿ ಕೂರುತ್ತಾನೆ — ದೊಡ್ಡಮ್ಮನಿಗೆ ಎಲ್ಲ ಗೊತ್ತು. ಮುಖ ಮಾತ್ರ ಕಂಡಿಲ್ಲ.

"ಬಾಯಿ ಮುಚ್ಚೇ, ನೊಣ ಹೋಗುತ್ತೆ" ಅಂದರು.

ಮಾರ್ಚ್ 13, ಗುರುವಾರ

ಅವರೇ ಕೇಳಿದರು. ತಲೆದಿಂಬಿನ ಕವರಿನ ಮೇಲೆ ಪೆಟ್ಟಿಗೆ ಓಡಿಸುತ್ತಾ, ಸಂತೆ ಸುದ್ದಿ ಕೇಳುವ ಹಾಗೆ.

"ನಿಮ್ಮಲ್ಲಿ ಸತ್ತವರಿಗೂ ದೀಕ್ಷಾಸ್ನಾನ ಮಾಡಿಸ್ತಾರಂತೆ, ಹೌದೇನೇ?"

ಗಡಿಯಾರ ಹೇಳಿದಳು. ನಮ್ಮ ದೇವಾಲಯದಲ್ಲಿ ತೀರಿಹೋದವರ ಹೆಸರಿನಲ್ಲಿ ಅವರ ಮನೆಯವರು ನೀರಿಗೆ ಇಳಿಯಬಹುದು. ಅದಕ್ಕೆ ಮೊದಲು ಇಳಿಯುವವರಿಗೇ ದೀಕ್ಷಾಸ್ನಾನ ಆಗಿರಬೇಕು.

"ಅಂದ್ರೆ ಮೊದಲು ನಾನು ಮುಳುಗ್ಬೇಕು."

"ಹೌದು ದೊಡ್ಡಮ್ಮ."

"ಚಿಮುಕಿಸಿದ್ರೆ ಸಾಲಲ್ವಾ? ಬಟ್ಟೆಗೆ ಸಾಲುತ್ತೆ."

ನಕ್ಕೆ. ಅವರು ನಗಲಿಲ್ಲ. ಪೆಟ್ಟಿಗೆ ಎತ್ತಿಟ್ಟರು. ಆಮೇಲೆ ಹೇಳಿದರು.

ಅವರಿಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಕಲ್ಲು ತೆಗೆದ ಹೊಂಡ, ನೀರು ತುಂಬಿತ್ತು. ಇವರು ಜಾರಿದರು. ಅಕ್ಕ ಹಿಂದೆಯೇ ಹಾರಿದಳು. ಬಂಡೆಗೆ ಬಡಿದಿದ್ದ ಒಂದು ಕಬ್ಬಿಣದ ಸರಳಿತ್ತು. ಇವರನ್ನು ಕೆಳಗಿನಿಂದ ನೂಕಿ, ಇವರ ಎಡಗೈಯನ್ನು ಸರಳಿನ ಮೇಲೆ ಇಟ್ಟು, "ಬಿಡಬೇಡ" ಅಂದಳು. ಅಷ್ಟೇ. ಜನ ಬರುವಷ್ಟರಲ್ಲಿ ಹೊಂಡದ ನೀರು ತಿಳಿಯಾಗಿತ್ತಂತೆ.

"ಬೆರಳು ಬಿಡಿಸೋಕೆ ಇಬ್ಬರು ಗಂಡಸರು ಬೇಕಾಯ್ತಂತೆ. ಅವತ್ತಿಂದ ತಲೆ ಮೇಲೆ ನೀರು ಹುಯ್ಕೊಂಡಿಲ್ಲ ಕಣೇ. ಒದ್ದೆ ಬಟ್ಟೇಲಿ ಒರೆಸ್ಕೋತೀನಿ. ಐವತ್ತನಾಲ್ಕು ವರ್ಷ."

ದಿಂಬಿನ ಕವರು ಮಡಚಿದೆ, ಬಿಚ್ಚಿದೆ, ಮಡಚಿದೆ.

ಮಾರ್ಚ್ 20, ಗುರುವಾರ

ದೊಡ್ಡಮ್ಮ ಮುಳುಗಲು ಒಪ್ಪಿದರು; ಅದಕ್ಕೆ ಮುಂಚಿನ ಪಾಠ ಎಲ್ಲ ಮುಗಿದವು. ದೊಡ್ಡಮ್ಮನ ಪ್ರಶ್ನೆಗಳಿಗೆ ಗಡಿಯಾರವೇ ಎರಡು ಸಲ ತಡವರಿಸಿದಳು. ಭಾನುವಾರ ಅಂತ ನಿಶ್ಚಯವಾಗಿದೆ.

ನಮ್ಮ ಸಣ್ಣ ಸಭೆಯ ಅಧ್ಯಕ್ಷರು ಅಂಗಡಿಗೇ ಬಂದಿದ್ದರು. ವಾರದ ಐದು ದಿನ ಶಾಲೆ ಬಸ್ಸು ಓಡಿಸುತ್ತಾರೆ. ಮುಳುಗಿಸುವವರು ಅವರೇ. ವಿವರಿಸಿದರು — ಒಂದು ಕೈ ಮೂಗಿಗೆ, ಇನ್ನೊಂದು ಅಧ್ಯಕ್ಷರ ತೋಳಿಗೆ. ಇಬ್ಬರು ಸಾಕ್ಷಿಗಳು ಎರಡೂ ಬದಿ ನಿಂತು ನೋಡುತ್ತಾರೆ. ಮೈಯ ಒಂದು ಚೂರೂ ನೀರಿನ ಮೇಲೆ ಉಳಿಯಬಾರದು. ಉಳಿದರೆ ಮತ್ತೊಮ್ಮೆ.

"ಮತ್ತೊಮ್ಮೆಯಾ!" ದೊಡ್ಡಮ್ಮ ಸೊಂಟಕ್ಕೆ ಕೈ ಕೊಟ್ಟರು. "ಒಂದೇ ಸಲ ಕಣಪ್ಪಾ. ಎರಡನೇ ಸಲ ಅಂದ್ರೆ ನಾನು ಇಳಿಯೋಳಲ್ಲ, ಈಗ್ಲೇ ಹೇಳಿದೀನಿ." ಆಮೇಲೆ ನನ್ನ ಕಡೆ ಗದ್ದ ತೋರಿಸಿ, "ಸಾಕ್ಷಿಗೆ ಇವಳಿರಲಿ. ಮೂರು ಹೊತ್ತೂ ಕಣ್ಣು ಬಿಟ್ಕೊಂಡು ನೋಡೋದೇ ಇವಳ ಕೆಲಸ."

ಅಭ್ಯಾಸ ಮಾಡಿದೆವು. ಇಸ್ತ್ರಿ ಮೇಜಿನ ಮೇಲೆ ಬೋಗುಣಿ ತುಂಬ ನೀರು. ದೊಡ್ಡಮ್ಮ ಬಗ್ಗಿದರು, ಎದ್ದರು. ಬಗ್ಗಿದರು, ಎದ್ದರು. "ಸಾಲ ಕೇಳೋಕೆ ಬಾಗಿಲ ತನಕ ಹೋಗಿ ವಾಪಸ್ ಬಂದ ಹಾಗೆ ಆಗ್ತಿದೆ" ಅಂದರು. ಒಂಬತ್ತನೇ ಸಲ ಮುಖ ಪೂರ್ತಿ ಇಳಿಯಿತು. ಗಡಿಯಾರ ಕೈಗಡಿಯಾರ ನೋಡಿ ಎಣಿಸಿದಳು — ಒಂದು, ಎರಡು, ಮೂರು. ಎದ್ದಾಗ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದ ತುಂಬ ಹಬ್ಬ.

ಇಷ್ಟು ಧೈರ್ಯ ನಾನು ಎಲ್ಲೂ ನೋಡಿಲ್ಲ. ಒಂದು ಬೋಗುಣಿ ನೀರಿನಲ್ಲಿ!

ಮಾರ್ಚ್ 23, ಭಾನುವಾರ. ಸಂಜೆ 5

ಆಯಿತು. ದೊಡ್ಡಮ್ಮ ಇಳಿದರು, ಮುಳುಗಿದರು, ಎದ್ದರು. ಹಾಡಿದೆವು. ನಮ್ಮ ಸಭೆಯ ಬೇಕರಿಯವನು ಬನ್ನು ತಂದಿದ್ದ. ಎಲ್ಲ ಸರಿಯಾಗಿ ನಡೆಯಿತು.

ತಲೆನೋವು. ಇಷ್ಟೇ.

ಮಾರ್ಚ್ 26, ಬುಧವಾರ. ಮಧ್ಯಾಹ್ನ

ಮೂರು ದಿನದಿಂದ ಈ ಪುಸ್ತಕ ತೆರೆಯಲು ಧೈರ್ಯವಾಗಲಿಲ್ಲ.

ಈ ಪುಸ್ತಕವನ್ನು ನಾನಲ್ಲದೆ ಇನ್ನೊಬ್ಬರು ಓದುವುದಿಲ್ಲ. ಇದರೊಳಗೂ ಸುಳ್ಳು ಬರೆದೆನಲ್ಲ! ನನಗೆ ನಾನೇ! ಬರೆಯುತ್ತೇನೆ ಈಗ, ನಡೆದಂತೆ.

ಬಿಳಿ ಹೆಂಚಿನ ತೊಟ್ಟಿ. ಎದೆಮಟ್ಟ ನೀರು. ಇಳಿಯುವ ಮೆಟ್ಟಿಲ ಪಕ್ಕ ಸ್ಟೀಲ್ ಕಂಬಿ, ನಾನು ನಿಂತಿದ್ದ ಬದಿಗೆ. ಆಚೆ ಬದಿ ಎರಡನೇ ಸಾಕ್ಷಿ, ಬೇಕರಿಯವನು, ಕನ್ನಡಕಕ್ಕೆ ಹಬೆ ಹತ್ತಿ ಒರೆಸಿಕೊಳ್ಳುತ್ತಿದ್ದ. ದೊಡ್ಡಮ್ಮ ತಾವೇ ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲಿ ಇಳಿದರು. ತುಟಿ ನೀಲಿ. ಬಲಗೈ ಮೂಗಿಗೆ, ಎಡಗೈ ಅಧ್ಯಕ್ಷರ ತೋಳಿಗೆ. ಅಧ್ಯಕ್ಷರು ಪ್ರಾರ್ಥನೆ ಹೇಳಿ ಹಿಂದಕ್ಕೆ ಬಾಗಿಸಿದರು. ಬಾಗುವಾಗ ಎಡಗೈ ತೋಳು ಬಿಟ್ಟಿತು, ಕಂಬಿ ಹಿಡಿಯಿತು.

ತಲೆ ಮುಳುಗಿತು, ಮೈ ಮುಳುಗಿತು, ಕಾಲು ಮುಳುಗಿತು. ಎಡಗೈ ಮಾತ್ರ ಕಂಬಿಯ ಮೇಲೆ, ನೀರಿನಿಂದ ಗೇಣು ಮೇಲೆ. ನಾಲ್ಕು ಬೆರಳು. ಉಗುರು ಬೆಳ್ಳಗಾಗಿತ್ತು. ನನ್ನ ಮೂಗಿನ ಕೆಳಗೆ!

ಎದ್ದರು. ಕೆಮ್ಮಿದರು. ಅಧ್ಯಕ್ಷರು ನನ್ನ ಮುಖ ನೋಡಿದರು. ದೊಡ್ಡಮ್ಮನೂ ನೋಡಿದರು. ಎರಡನೇ ಸಲ ಇಳಿಯೋಳಲ್ಲ ಅಂದಿದ್ದರಲ್ಲ... ತಲೆ ಆಡಿಸಿಬಿಟ್ಟೆ. ಸರಿಯಾಗಿದೆ ಅಂತ. ನನ್ನನ್ನು ನೋಡಿ ಬೇಕರಿಯವನೂ ಆಡಿಸಿದ.

ಕೂದಲೆಳೆಯ ಸುಳ್ಳು. ಯಾರ ಗಂಟೂ ಹೋಗಲ್ಲ. ಹೋಗುತ್ತದೆ! ಅಕ್ಕನಿಗಾಗಿ ಇಳಿಯಲೆಂದೇ ಅವರು ಇಳಿದದ್ದು. ಅವರದೇ ಅರ್ಧಕ್ಕೆ ನಿಂತಿದೆ, ಗೊತ್ತಿರುವವಳು ನಾನೊಬ್ಬಳೇ.

ಸೋಮವಾರ ಅಮ್ಮ ಕೇಳಿದಳು, ಹೇಗಾಯ್ತು? ಚೆನ್ನಾಗಾಯ್ತು ಅಂದೆ. "ಚಪ್ಪಲಿ ಇನ್ನೂ ಕಚ್ತಿದೆ, ಅಲ್ವಾ?" ಅಂದಳು.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಗಡಿಯಾರಕ್ಕೆ ಹೇಳಿದೆ. ನಿಯಮ ಪುಸ್ತಕ ತಲೆಗೆ ಬೀಳುತ್ತದೆ ಅಂತ ಕಾದೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಹಿಮ್ಮಡಿ ನೋಡಿದಳು, ಪ್ಲಾಸ್ಟರ್ ಹುಡುಕಿ ಅಂಟಿಸಿದಳು. "ಚಪ್ಪಲಿ ಹಾಕ್ಕೋ ಸಿಸ್ಟರ್. ಹೋಗೋಣ." ಅಷ್ಟೇ.

ಅಧ್ಯಕ್ಷರು ಬಸ್ಸಿನ ಸೀಟು ಒರೆಸುತ್ತಿದ್ದರು. ಕೇಳಿ ಬಕೆಟ್ ಕೆಳಗಿಟ್ಟರು. "ಬಗ್ಗಿಸೋನಿಗೆ ಏನೂ ಕಾಣಲ್ಲಮ್ಮ. ಅದಕ್ಕೇ ಸಾಕ್ಷಿ ಅಂತ ಇಡೋದು." ಬೈಗುಳ ಅಂದರೆ ಇಷ್ಟೇ. ಅದೇ ಇನ್ನೂ ಇರಿಯುತ್ತಿದೆ. "ಸಭೆಗೆ ಸೇರಿಸ್ಕೊಳ್ಳೋ ಪ್ರಾರ್ಥನೆ ಇನ್ನೂ ಆಗಿಲ್ಲ, ಈ ಭಾನುವಾರ ಇತ್ತು. ಅದಕ್ಕೆ ಮುಂಚೆ ಇನ್ನೊಮ್ಮೆ ಮುಳುಗಬಹುದು. ಆದ್ರೆ ಅವರಿಗೆ ನೀನೇ ಹೇಳ್ಬೇಕು."

ಅಂಗಡಿ. ಬಿಳಿ ಅಂಗಿಯೊಂದರ ಮೇಲೆ ಪೆಟ್ಟಿಗೆ ಓಡುತ್ತಿತ್ತು.

"ದೊಡ್ಡಮ್ಮ, ಅವತ್ತು ನಿಮ್ಮ ಎಡಗೈ ಮುಳುಗಲಿಲ್ಲ. ಕಂಬಿ ಹಿಡ್ಕೊಂಡಿತ್ತು. ನಾನು ನೋಡ್ದೆ. ನೋಡಿಯೂ ಸರಿ ಅಂದೆ."

ಪೆಟ್ಟಿಗೆ ನಿಲ್ಲಲಿಲ್ಲ.

"ಗೊತ್ತು" ಅಂದರು.

"ಏನು?"

"ನನ್ನ ಕೈ ಎಲ್ಲಿತ್ತು ಅಂತ ನಂಗೆ ಗೊತ್ತಿರಲ್ವೇನೇ? ಎದ್ದ ತಕ್ಷಣ ನಿನ್ನ ಮುಖ ನೋಡ್ದೆ. ನೀನು ತಲೆ ಆಡಿಸ್ದೆ. ಅಬ್ಬ, ಬದುಕಿದೆ ಅಂದ್ಕೊಂಡೆ." ಕಾಲರ್ ತಿರುಗಿಸಿದರು. "ನಾಲ್ಕು ದಿನದಿಂದ ಊಟ ಇಳೀತಿಲ್ಲ. ಯಾರು ಮೊದಲು ಬಾಯಿ ಬಿಡ್ತಾರೋ ಅಂತ ಕಾಯ್ತಿದ್ದೆ. ನಾನಂತೂ ಬಿಡ್ತಿರ್ಲಿಲ್ಲ."

ಅಳು ಬಂತು. ತಡೆಯಲಿಲ್ಲ.

"ಅತ್ರೆ ಅಂಗಿ ಮೇಲೆ ಬೀಳುತ್ತೆ, ಆ ಕಡೆ ಹೋಗು" ಅಂದರು. ಆಮೇಲೆ, "ಮತ್ತೆ ಇಳೀಬೇಕು ಅಂತೀರಿ."

"ನಿಮಗೆ ಬೇಡ ಅಂದ್ರೆ ಯಾರೂ ಬಲವಂತ ಮಾಡಲ್ಲ, ದೊಡ್ಡಮ್ಮ" ಅಂದಳು ಗಡಿಯಾರ.

ಸುಟ್ಟ ವಾಸನೆ. ಪೆಟ್ಟಿಗೆ ಅಂಗಿಯ ಬೆನ್ನ ಮೇಲೆ ನಿಂತುಬಿಟ್ಟಿತ್ತು. ಕಂದು ಗುರುತು. ಮೂವತ್ತು ವರ್ಷದಲ್ಲಿ ಒಂದು ಅಂಗಿ ಸುಟ್ಟವರಲ್ಲ.

"ಹೋಗ್ರೇ. ಇವತ್ತು ಮಡಚೋದು ಬೇಡ" ಅಂದರು.

ಮಾರ್ಚ್ 29, ಶನಿವಾರ

ಅಂಗಡಿಯ ಮುಂದೆ ಹಾದುಹೋದೆವು. ಬಾಗಿಲು ಅರ್ಧ ಎಳೆದಿತ್ತು. ದೊಡ್ಡಮ್ಮ ಕಾಣಲಿಲ್ಲ. ಒಳಗಿನ ಮೊಳೆಗೆ ಅವರ ಬಿಳಿ ಉಡುಪು ತೂಗುಹಾಕಿತ್ತು. ಇಸ್ತ್ರಿ ಆಗಿತ್ತು! ಗಡಿಯಾರ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಮಾರ್ಚ್ 30, ಭಾನುವಾರ. ಬೆಳಿಗ್ಗೆ 8

ತೊಟ್ಟಿ ತುಂಬುತ್ತಿದೆ. ಎರಡು ಗಂಟೆ ಬೇಕು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ, ಆದರೂ ಅಧ್ಯಕ್ಷರು ನಲ್ಲಿ ತಿರುಗಿಸಿದರು. ನಾನು ಅಂಚಿನಲ್ಲಿ ಕೂತಿದ್ದೇನೆ. ನೀರು ಒಂದೊಂದೇ ಹೆಂಚು ಏರುವುದನ್ನು ನೋಡುತ್ತಿದ್ದೇನೆ. ನಾವು ಕುಡಿಯುವ, ಲಂಗ ಒಗೆಯುವ ನೀರೇ ಇದು. ನೋಡಿದರೆ ಭಯವಾಗುತ್ತದೆ.

10:50. ಕಾರಿಡಾರ್

ಟವೆಲ್ ತರಲು ಅಂತ ಹೊರಗೆ ಬಂದೆ. ಮರೆಯುವ ಮೊದಲು ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಬಂದರು! ಹತ್ತಕ್ಕೆ ಐದು ನಿಮಿಷ ಇತ್ತು. "ಏನೇ, ಕಣ್ಣು ತೊಳ್ಕೊಂಡು ಬಂದಿದೀಯಾ?" ಅಂತ ನನ್ನನ್ನು ಕೇಳಿದರು. ಬೇಕರಿಯವನ ಕನ್ನಡಕ ಕಿತ್ತು ತಮ್ಮ ಸೆರಗಿನಲ್ಲಿ ಒರೆಸಿ ಕೊಟ್ಟರು. ಉಡುಪು ಬದಲಿಸಿ ಇಳಿದರು. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದು. ಕೊನೆಯ ಮೆಟ್ಟಿಲಿನಲ್ಲಿ ನಿಂತರು. ಅಧ್ಯಕ್ಷರು ಕಾದರು, ಎಲ್ಲರೂ ಕಾದೆವು. ಗಡಿಯಾರ ಗಂಟೆ ನೋಡಲಿಲ್ಲ.

ದೊಡ್ಡಮ್ಮ ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಬೇರೆಯವರ ಕೈ ನೋಡಿದ ಹಾಗೆ. ಆಮೇಲೆ ಮೆಲ್ಲಗೆ, ಆದರೆ ನಮಗೆಲ್ಲ ಕೇಳಿಸುವಂತೆ, "ಬಿಡ್ತೀನಿ ಕಣೇ ಅಕ್ಕ" ಅಂದರು.

ಒಂದೊಂದೇ ಬೆರಳು ಬಿಟ್ಟಿತು. ಕಿರುಬೆರಳು ಕೊನೆಗೆ. ಕೈ ಅಧ್ಯಕ್ಷರ ತೋಳಿಗೆ ಹೋಯಿತು. ಪ್ರಾರ್ಥನೆ. ಬಾಗಿಸಿದರು. ತಲೆ, ಭುಜ, ಮೊಣಕೈ, ಎಡಗೈ, ಉಡುಪಿನ ಅಂಚು, ಕಾಲ್ಬೆರಳು — ಎಲ್ಲ, ಎಲ್ಲ ನೀರಿನೊಳಗೆ. ಮೇಲೆ ಏನೂ ಇಲ್ಲ. ಖಾಲಿ ಕಂಬಿ, ಅದರ ಮೇಲೆ ಅವರ ಬೆರಳಿನ ಒದ್ದೆ ಗುರುತು. ದೇವರೇ, ನಾನು ನೋಡಿದೆ. ಇದನ್ನು ನನ್ನ ಕಣ್ಣಾರೆ ನೋಡಿದೆ.

"ಸಾಕ್ಷಿ?" ಅಂದರು ಅಧ್ಯಕ್ಷರು. ಮುಳುಗಿದರು ಅಂದೆ. ಜೋರಾಗಿ ಅಂದೆ.

ತೆರೆದ ಬಾಗಿಲಿನಿಂದ ದೊಡ್ಡಮ್ಮ ಕಾಣುತ್ತಿದ್ದಾರೆ, ಮೇಲೆ ಬರಲು ಕರೆದರೆ ಬರುತ್ತಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತು ಅಂಗೈಯಿಂದ ನೀರು ಸವರುತ್ತಿದ್ದಾರೆ, ಬಟ್ಟೆಯ ಸುಕ್ಕು ತೆಗೆಯುವ ಹಾಗೆ. "ಇರ್ರೋ, ಏನು ಅವಸರ" ಅನ್ನುತ್ತಾರೆ. ಬೊಗಸೆ ತುಂಬಿ ತಲೆಯ ಮೇಲೆ ಹುಯ್ದುಕೊಂಡರು. ತಾವಾಗಿಯೇ! ಮತ್ತೊಂದು ಬೊಗಸೆ. ನಗುತ್ತಿದ್ದಾರೆ. ಏಳು ವರ್ಷದ ಹುಡುಗಿಯ ನಗು ಅದು.

ಗಡಿಯಾರ ಕೂಗುತ್ತಿದ್ದಾಳೆ. ತೊಟ್ಟಿ ಖಾಲಿ ಮಾಡಬೇಕಂತೆ, ಸಭೆಗೆ ಹೊತ್ತಾಯಿತಂತೆ, ದೊಡ್ಡಮ್ಮ ಇನ್ನೂ ನೀರಿನಲ್ಲೇ —