ಹಾಡಿಗಿದ್ದ ಅವಸರ

ವಿನ್ನಿಪೆಗ್
ಮಾರ್ಚ್ 9, 2023, ಗುರುವಾರ

ನನ್ನ ಮುದ್ದು ಟೆಸ್,

ಬೈಯಬೇಡ, ಮೂವತ್ತೈದಾದರೂ ನೀನು ನನಗೆ ಮುದ್ದೇ. ಫೋನಿನಲ್ಲಿ ಹೇಳಲು ಹೊರಟರೆ ನೀನು "ಹೂಂ, ಸರಿ" ಎನ್ನುತ್ತೀಯ, ನನಗೆ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದ. ನಿನ್ನ ಹೆರಿಗೆಗೆ ರೆಜೈನಾಕ್ಕೆ ಬರಲೇ ಎಂದು ಕೇಳಿದಾಗ "ಯೋಚಿಸಿ ಹೇಳ್ತೀನಿ" ಎಂದೆಯಲ್ಲ, ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಈ ವಾರ ನಮ್ಮ ತಂಡದ ಹಳೆಯ ಹಾಡು 'ಎರಡನೇ ಚಳಿಗಾಲ'ವನ್ನು ಮತ್ತೆ ರೆಕಾರ್ಡ್ ಮಾಡುತ್ತಿದ್ದೇವೆ. ಹಳೆಯ ಟೇಪಿನ ಹಕ್ಕು ರೆಕಾರ್ಡ್ ಕಂಪನಿಯ ಕೈಯಲ್ಲಿದೆ, ನಮ್ಮದೇ ಒಂದಿರಲಿ ಎಂದು ವೆಂಡೆಲ್‌ನ ಹಟ. ಗಿಟಾರೂ ಅವನದು, ಹಟವೂ ಅವನದೇ. ಹಳೆಯ ಹಾಡು ಮೂರು ನಿಮಿಷ ಎರಡು ಸೆಕೆಂಡು. ಈಗ ನಾನು ಡ್ರಮ್ಸ್ ಬಾರಿಸಿದಾಗಲೆಲ್ಲ ಮೂರು ನಿಮಿಷ ಇಪ್ಪತ್ತಾಗುತ್ತದೆ. ಕಿವಿಗೆ ತಾಳ ತೋರಿಸುವ ಟಿಕ್ ಟಿಕ್ ಯಂತ್ರ ಹಾಕಿಕೊಂಡು ಬಾರಿಸಿದೆ. ವೇಗ ಬಂತು, ಹಾಡಿಗೆ ಜೀವ ಬರಲಿಲ್ಲ. "ಏನೇ ಡಾರ್, ಆಗ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಬಾರಿಸ್ತಿದ್ದೆ, ಈಗ ಚರ್ಚಿಗೆ ಹೊರಟ ಹಾಗಿದೆಯಲ್ಲೇ" ಎಂದ ವೆಂಡೆಲ್. ಅವನ ಮೇಲೆ ಡ್ರಮ್ಮಿನ ಕೋಲು ಎಸೆದೆ. ತಗಲಲಿಲ್ಲ, ವಯಸ್ಸಾಯಿತು.

ಆ ಹಾಡಿನ ಅವಸರವನ್ನು ಎಲ್ಲರೂ ಹೊಗಳಿದ್ದರು. ಪತ್ರಿಕೆಯವರು ಸಿಟ್ಟು ಎಂದರು, ಯೌವನ ಎಂದರು. ನಾನೂ ಹೌದು ಹೌದೆಂದೆ. ನಿಜ ಬೇರೆ. ಅದನ್ನು ಮೊದಲು ರೆಕಾರ್ಡ್ ಮಾಡಿದಾಗ ನಿನಗೆ ಮೂರು ತಿಂಗಳು. ಪಕ್ಕದ ಮನೆಯ ಶ್ರೀಮತಿ ಕೋಜಕ್ ಹತ್ತಿರ ನಿನ್ನನ್ನು ಬಿಟ್ಟು ಸ್ಟುಡಿಯೋಗೆ ಬಂದಿದ್ದೆ. ನಾಲ್ಕು ಗಂಟೆಗೆ ನಿನಗೆ ಹಾಲು ಕುಡಿಸುವ ಹೊತ್ತು. ಗಡಿಯಾರ ನಾಲ್ಕು ದಾಟಿತು, ಎದೆ ಕಟ್ಟಿಕೊಂಡು ಕಲ್ಲಾಯಿತು, ಹಾಲು ಸೋರಿ ಅಂಗಿ ತೊಯ್ದಿತು. ಮೂವರು ಗಂಡಸರೆದುರು ಹೇಳುವುದಾದರೂ ಹೇಗೆ? ಬೇಗ ಮುಗಿಸಿ ಓಡಬೇಕೆಂದು ಬಾರಿಸಿದೆ. ಉಳಿದವರು ನನ್ನ ಹಿಂದೆ ಏದುಸಿರು ಬಿಡುತ್ತಾ ಬಂದರು. ಅಷ್ಟೇ ಕಥೆ.

ಹದಿನಾರನೇ ವಯಸ್ಸಿನಲ್ಲಿ ನೀನು "ಆ ಹಾಡಿಗೋಸ್ಕರ ನನ್ನ ಬಿಟ್ಟೆ" ಎಂದು ಬಾಗಿಲು ಹಾಕಿಕೊಂಡೆಯಲ್ಲ, ಆಗಲೇ ಇದನ್ನು ಹೇಳಬೇಕಿತ್ತು. ಬಿಗುಮಾನ ಬಿಡಲಿಲ್ಲ. ಆ ಹಾಡಿನಲ್ಲಿ ನಾನು ನಿನ್ನ ಕಡೆಗೇ ಓಡುತ್ತಿದ್ದೆ, ಮಗಳೇ.

ನಿನ್ನೆ ಆ ಟಿಕ್ ಟಿಕ್ ಕಿತ್ತುಹಾಕಿ ಬಾರಿಸಿದೆ. ಮೂರು ನಿಮಿಷ ಹತ್ತೊಂಬತ್ತು. ಇದೇ ಇರಲಿ ಎಂದೆ. "ನಿಧಾನವೇ ಚೆನ್ನಾಗಿದೆ ಬಿಡು" ಎಂದ ವೆಂಡೆಲ್, ಯಾವತ್ತೂ ಇಲ್ಲದ ಮೆತ್ತಗಿನ ದನಿಯಲ್ಲಿ. ಹಾಗೆ ಓಡಲು ಈಗ ಮನೆಯಲ್ಲಿ ನನಗಾಗಿ ಕಾಯುವವರು ಯಾರಿದ್ದಾರೆ? ನೀನು ಬಾ ಎಂದರೆ ಬೇರೆ ಮಾತು.

ನಿನ್ನ ಉತ್ತರದ ದಾರಿ ಕಾಯುವ
ಅಮ್ಮ, ಡಾರ್ಲೀನ್

ತಾ. ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದೆ. ಅರ್ಧ ನಿಜ ಹೇಳಿ ನಿನ್ನ ಮನೆಗೆ ಬರುವುದು ಬೇಡ. ಅಂದು ಹಾಡು ಮುಗಿದ ಮೇಲೆ ನಾನು ಓಡಲಿಲ್ಲ. ಟೇಪು ಕೇಳಿ ಎಲ್ಲರೂ ಕುಣಿದಾಡಿದರು, ನಾನೂ ಕುಣಿದೆ. ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲಿ, ಕಾಫಿ ಬಿತ್ತೆಂದು ಸುಳ್ಳು ಹೇಳಿ ವೆಂಡೆಲ್‌ನ ಅಂಗಿ ತೊಟ್ಟು, ಇನ್ನೂ ಎರಡು ಹಾಡು ಬಾರಿಸಿದೆ. ಮನೆಗೆ ಬಂದಾಗ ನೀನು ಅತ್ತು ಅತ್ತು ನಿದ್ದೆಹೋಗಿದ್ದೆ. ಶ್ರೀಮತಿ ಕೋಜಕ್ ನಿನ್ನನ್ನು ನನ್ನ ಕೈಗಿಟ್ಟು ಬಾಗಿಲು ಹಾಕಿಕೊಂಡರು. ಇಷ್ಟು ಓದಿದ ಮೇಲೂ ಬಾ ಎನ್ನಬೇಕೆನಿಸಿದರೆ ಅನ್ನು.