ಒಂಬತ್ತನೆಯ ಬೆಳಗಿನ ಎರಡನೆಯ ಭಾಗ

ಮಂಗಳವಾರ, ತಾರೀಖು ಹದಿನಾರು
ಅಂಗಡಿಯಲ್ಲಿ, ಊಟದ ಬಿಡುವಿನಲ್ಲಿ

ಪುಟ್ಟಿ,

ನಾನೂ ಅಪ್ಪನೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿಮ್ಮ ಕಂಪ್ಯೂಟರ್ ಆಟಗಳಿಗೆ ಚಿತ್ರ ಬರೆಯುವ ಆ ಹುಡುಗಿ ಭಾನುವಾರ ಫೋನ್ ಮಾಡಿ ಎಲ್ಲ ಹೇಳಿದಳು. ಮೂರು ವಾರದಿಂದ ನೀನು ಆಫೀಸಿಗೆ ಹೋಗಿಲ್ಲವಂತೆ. ಅವಳು ಬಂದು ಬಾಗಿಲು ತಟ್ಟಿದರೆ ತೆರೆದು, ಬಾ ಎಂದೂ ಅನ್ನದೆ ಹೋಗಿ ಮಲಗಿದೆಯಂತೆ. "ಆಂಟಿ, ಅಳ್ತಾನೂ ಇಲ್ಲ. ಅತ್ತಿದ್ರೆ ನನಗೆ ಇಷ್ಟು ಭಯ ಆಗ್ತಿರಲಿಲ್ಲ" ಎಂದಳು. ನಾನು ಮಾಡಿದ ಒಂದು ಕರೆಗೂ ನೀನು ಉತ್ತರಿಸಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಕಿರಿಚುವುದಿಲ್ಲ, ಮನಸ್ಸು ಬಂದಾಗ ಒಡೆದು ಓದು.

ನೀನು ಬರೆದ ಆಟದ ಎರಡನೆಯ ಭಾಗವನ್ನು ಆಡಿ ಮುಗಿಸಿದೆ. ಹನ್ನೊಂದು ಸಂಜೆ ಹಿಡಿಯಿತು. ಇಡೀ ದಿನ ಗಿರಾಕಿಗಳ ಪ್ಯಾಂಟಿನ ಅಂಚು ಮಡಿಚಿ ಹೊಲಿಯುವ ಕೈ ಇದು. ಆ ಗುಂಡಿಗಳನ್ನು ಒತ್ತಿ ಒತ್ತಿ ಹೆಬ್ಬೆರಳು ಊದಿಕೊಂಡಿದೆ.

ಮೊದಲನೆಯ ಭಾಗವನ್ನು ನಾನೂ ನಿಮ್ಮಪ್ಪನೂ ಸೇರಿ ಆಡಿದ್ದೆವು, ನೆನಪಿದೆಯಾ? ಏಳು ವರ್ಷದ ಹುಡುಗಿ ಕಾಣೆಯಾದ ಅಮ್ಮನನ್ನು ಹುಡುಕಿಕೊಂಡು ಎಂಟು ದಿನ ಒಂದೇ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ನಿಮ್ಮಪ್ಪ ಲಿಫ್ಟ್ ರಿಪೇರಿಯ ಹಳೆಯ ಫಾರಂಗಳ ಬೆನ್ನಿನ ಮೇಲೆ ಆ ಕಟ್ಟಡದ ನಕ್ಷೆ ಬರೆದಿಟ್ಟುಕೊಂಡು, "ಮೂರನೇ ಮಹಡಿ ಮುದುಕನ್ನ ಇನ್ನೊಂದ್ಸಲ ಮಾತಾಡಿಸು, ಅವನು ಏನೋ ಬಚ್ಚಿಡ್ತಿದಾನೆ" ಎನ್ನುತ್ತಿದ್ದರು. ಒಂಬತ್ತನೆಯ ಬೆಳಗ್ಗೆ ಅಮ್ಮ ಬೆನ್ನು ಮಾಡಿ ನಿಂತು ಲೋಟ ತೊಳೆಯುತ್ತಿರುತ್ತಾಳೆ. ಹುಡುಗಿ ಚೀಲ ಏರಿಸಿಕೊಂಡು ಶಾಲೆಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು. ಅಮ್ಮ ಎಲ್ಲಿಗೆ ಹೋಗಿದ್ದಳು ಎಂದು ನೀನು ಹೇಳಲೇ ಇಲ್ಲ. ಅದನ್ನು ಆಡಿದವರು ಎಲ್ಲೆಲ್ಲಿಂದಲೋ ನಿನಗೆ ಮೆಚ್ಚಿ ಬರೆದರು. ನಾನು ಮಾತ್ರ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಅವು ನಮ್ಮ ಮನೆಯ ಎಂಟು ದಿನಗಳೇ ಎಂದು ಮೂವರಿಗೂ ಗೊತ್ತಿತ್ತು. ಮೂವರೂ ಬಾಯಿಗೆ ಬೀಗ ಹಾಕಿಕೊಂಡೆವು.

ಎರಡನೆಯದು ಚೆನ್ನಾಗಿಲ್ಲ, ಪುಟ್ಟಿ. ಹೆತ್ತವಳಾಗಿ ಸುಳ್ಳು ಹೇಳಿದರೆ ನಿನಗೆ ಗೊತ್ತಾಗುತ್ತದೆ. ಆ ಹುಡುಗಿ ಈಗ ಪೊಲೀಸ್ ಅಧಿಕಾರಿ. ಕೆಳಮನೆಯ ನರ್ಸಮ್ಮನ ಕಪಾಟಿನಲ್ಲಿ ವಿಷ, ಗೋಡೆಯೊಳಗೆ ಚಿನ್ನ. ಮೊದಲನೆಯದರಲ್ಲಿ ಬಾಗಿಲು ತಟ್ಟಿದರೆ ಒಬ್ಬ ಮನುಷ್ಯ ಸಿಗುತ್ತಿದ್ದ, ಇದರಲ್ಲಿ ಬರೀ ಬೀಗದಕೈ ಸಿಗುತ್ತದೆ. ಕೊನೆಗೆ ನೋಡಿದರೆ, ಅಪ್ಪನೇ ಅಮ್ಮನನ್ನು ನೀರಿನ ಪಂಪಿನ ಕೋಣೆಯಲ್ಲಿ ಎಂಟು ದಿನ ಕೂಡಿಹಾಕಿದ್ದ. ಮಗಳು ಲಿಫ್ಟಿನ ಎದುರು ಅವನಿಗೆ ಕೋಳ ತೊಡಿಸುತ್ತಾಳೆ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಬರೆದದ್ದನ್ನೂ ಓದಿದೆ. ಇದಕ್ಕಿಂತ ಕೆಟ್ಟದಾಗಿ ಬರೆದದ್ದನ್ನು ನೀನು ಓದಿರುತ್ತೀಯ. ನೀನು ಬೇರೆ ನಾಲ್ಕು ಕೊನೆಗಳನ್ನು ಬರೆದುಕೊಟ್ಟಿದ್ದೆಯಂತೆ. ಈ ಸಲ ಯಾರಾದರೂ ಸಿಕ್ಕಿಬೀಳಲೇಬೇಕು ಎಂದು ಆಫೀಸಿನ ಮೇಲಿನವರು ಪಟ್ಟು ಹಿಡಿದರಂತೆ. ಐದನೆಯದನ್ನು ನೀನು ಒಂದೇ ಮಧ್ಯಾಹ್ನದಲ್ಲಿ ಬರೆದು ಅವರ ಮುಂದೆ ಎಸೆದೆ ಎಂದು ಆ ಹುಡುಗಿ ಹೇಳಿದಳು.

ಕೋಳ ತೊಡಿಸುವಾಗ ನಿಮ್ಮಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. "ಮುಗೀತಾ?" ಎಂದರು. ಹೂಂ ಎಂದೆ. ಎದ್ದು ಹೋಗಿ ಮರುದಿನದ ಅಂಗಿಗೆ ಇಸ್ತ್ರಿ ಹಾಕಿದರು. ಎರಡು ದಿನ ಕಳೆದ ಮೇಲೆ, ಬೂಟಿನ ದಾರ ಕಟ್ಟುತ್ತಾ, ನನ್ನ ಕಡೆ ನೋಡದೆ, "ಅವಳಿಗೆ ಹಾಗನ್ನಿಸಿತ್ತೇನೋ, ಪಾಪ. ಚಿಕ್ಕವಳಿದ್ದಳಲ್ಲ" ಎಂದರು. ಆ ಮಾತು ಕೇಳಿದ ಮೇಲೂ ಸುಮ್ಮನಿದ್ದರೆ ನನ್ನಂಥ ಕೃತಘ್ನಳು ಇನ್ನೊಬ್ಬಳಿಲ್ಲ. ಆ ಎಂಟು ದಿನದ ವಿಷಯ ಯಾರಿಗೂ ಹೇಳಬೇಡ ಎಂದು ಅವರು ಆಗ ಕೇಳಿಕೊಂಡಿದ್ದರು. ಇಷ್ಟು ವರ್ಷ ಉಳಿಸಿಕೊಂಡ ಮಾತನ್ನು ಈಗ ಮುರಿಯುತ್ತಿದ್ದೇನೆ.

ನಾನು ಕಾಣೆಯಾಗಿರಲಿಲ್ಲ. ನಾನೇ ಹೋದದ್ದು.

ಯಾಕೆ ಎಂದು ಕೇಳಿದರೆ, ನಿನ್ನ ಆಟಕ್ಕೆ ಒದಗುವಂಥ ಕಾರಣ ನನ್ನಲ್ಲಿಲ್ಲ. ಬೈದವರಿಲ್ಲ, ಹೊಡೆದವರಿಲ್ಲ, ಇನ್ನೊಬ್ಬ ಗಂಡಸೂ ಇರಲಿಲ್ಲ. ಆ ವರ್ಷ ನನಗೆ ಏನೂ ಅನಿಸುವುದು ನಿಂತುಹೋಯಿತು, ಅಷ್ಟೇ. ಒಂದು ದಿನ ಪಾದದ ಮೇಲೆ ಬಿಸಿನೀರು ಬಿತ್ತು. ಚರ್ಮ ಕೆಂಪಾಗುವುದನ್ನು ನೋಡುತ್ತಾ ನಿಂತಿದ್ದೆ. ನೀನು ಯಾವುದೋ ಚಿತ್ರ ಹಿಡಿದು ಓಡಿಬಂದೆ. ಈಗ ನಗಬೇಕು ಎಂದು ಗೊತ್ತಿತ್ತು, ಕೆನ್ನೆ ಏಳಲಿಲ್ಲ. ನೀನು ನನ್ನ ಮುಖ ನೋಡಿ ಚಿತ್ರವನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅವತ್ತು ನಿಮ್ಮಪ್ಪ ಕೆಲಸದಿಂದ ಬಂದಾಗ, "ರೀ, ಇಲ್ಲೇ ಇದ್ರೆ ನಾನು ಕಲ್ಲಾಗಿಬಿಡ್ತೀನಿ. ಎಲ್ಲಾದ್ರೂ ಹೋಗ್ತೀನಿ" ಎಂದೆ.

"ವಾಪಸ್ ಬರ್ತೀಯಾ?" ಎಂದರು.

"ಗೊತ್ತಿಲ್ಲ" ಎಂದೆ. ಅದು ನಿಜವಾಗಿತ್ತು.

ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಿಂದ ಒರೆಸಿಕೊಂಡರು. ಆಮೇಲೆ, "ಹೋಗು. ಎಲ್ಲಿದ್ದೀಯ ಅಂತ ನನಗೊಬ್ಬನಿಗೆ ಗೊತ್ತಿರ್ಲಿ, ಸಾಕು" ಎಂದರು. ಬೆಳಗ್ಗೆ ನಿನ್ನನ್ನು ನಮ್ಮ ಕೆಳಮನೆಯ ನರ್ಸಮ್ಮನ ಹತ್ತಿರ ಬಿಟ್ಟು, ತಮ್ಮ ಸ್ಕೂಟರಿನಲ್ಲೇ ನನ್ನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ವಾಪಸು ಬಂದು, ನನ್ನ ಫೋಟೋ ಹಿಡಿದು, ಮನೆಮನೆಗೆ ಹೋಗಿ ನೋಡಿದ್ರಾ ನೋಡಿದ್ರಾ ಎಂದು ಕೇಳಿದರು. ಇವಳು ಮಗು ಬಿಟ್ಟು ಎದ್ದುಹೋದಳು ಎಂದು ಜನ ತಿಳಿದರೆ, ನಾಳೆ ವಾಪಸು ಬಂದಾಗ ನಾನು ಆ ಮೆಟ್ಟಿಲು ಹತ್ತುವುದು ಹೇಗೆ? ಅದಕ್ಕಾಗಿ. ಅವರೇ ಏನೋ ಮಾಡಿದ್ದಾರೆ ಎಂದು ಕಟ್ಟಡವೆಲ್ಲ ಗುಸುಗುಸು ಮಾತಾಡಿತು. ನಿನ್ನ ಕಿವಿಗೂ ಬಿದ್ದಿರಬೇಕು. ಆ ಗುಸುಗುಸು ಈಗ ನಿನ್ನ ಆಟದಲ್ಲಿ ಕೋಳವಾಗಿದೆ.

ನಾನು ಹೋದದ್ದು ದೂರದ ಊರಿನ ಒಂದು ಆಸ್ಪತ್ರೆಯ ಲಾಂಡ್ರಿಗೆ. ಹೊದಿಕೆ ಮಡಿಚುವ ಕೆಲಸ. ಇಬ್ಬರು ಎರಡು ತುದಿ ಹಿಡಿದು ಹತ್ತಿರ ಬರಬೇಕು, ಅಂಚು ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ನಾನೂರು ಹೊದಿಕೆ. ನಾಲ್ವರು ಹೆಂಗಸರ ಜೊತೆ ಒಂದು ಕೋಣೆ. ಅಲ್ಲಿಯೂ ನನಗೆ ಏನೂ ಅನಿಸಲಿಲ್ಲ, ಆದರೆ ಅನಿಸಲಿ ಎಂದು ಕಾಯುವವರೂ ಯಾರೂ ಇರಲಿಲ್ಲ. ವಿಳಾಸವನ್ನು ನಿಮ್ಮಪ್ಪನಿಗೆ ಒಂದು ಸಾಲಿನಲ್ಲಿ ಬರೆದು ಹಾಕಿದೆ. ಅವರು ಬರಲಿಲ್ಲ, ಕರೆಯಲೂ ಇಲ್ಲ. ಎಂಟನೆಯ ದಿನ ಕೆಲಸ ಸಾಕೆನಿಸಿತು, ಬಂದುಬಿಟ್ಟೆ.

ಬಂದ ತಕ್ಷಣ ಸರಿಹೋಗಲಿಲ್ಲ. ಡಾಕ್ಟರ ಹತ್ತಿರ ಹೋದೆ, ಮಾತ್ರೆ ನುಂಗಿದೆ, ಒಂದು ವರ್ಷ ಹಿಡಿಯಿತು. ಈಗ ನೀನು ಮಲಗಿರುವ ಕೋಣೆ ಹೇಗಿರುತ್ತದೆ ಎಂದು ನೋಡದೆಯೂ ನನಗೆ ಗೊತ್ತು.

ಆಟ ಕೆಟ್ಟಿತು, ಕೆಡಲಿ. ಮೊದಲೇ ಅಮ್ಮನನ್ನು ಕೇಳಬಾರದಿತ್ತೇ ಎಂದು ಬೈಯೋಣ ಎಂದುಕೊಂಡೆ. ಆದರೆ ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಅಪ್ಪನ ಹತ್ತಿರ ಕ್ಷಮೆ ಕೇಳಲು ಹೋಗಬೇಡ, ಅವರಿಗೆ ಕೈಕಾಲು ಎಲ್ಲಿಡಬೇಕೋ ತಿಳಿಯುವುದಿಲ್ಲ. ಇಲ್ಲಿಗೆ ಬಾ ಎಂದೂ ಅನ್ನುವುದಿಲ್ಲ. ಬರಬೇಕೆನಿಸಿದರೆ ಬಾ, ಎಲ್ಲಾದರೂ ಹೋಗಬೇಕೆನಿಸಿದರೆ ಹೋಗು, ಇನ್ನೂ ಒಂದು ವಾರ ಮಲಗಬೇಕೆನಿಸಿದರೆ ಮಲಗು. ಆದರೆ ಎಲ್ಲಿದ್ದೀಯ ಎಂದು ನಮ್ಮಲ್ಲಿ ಒಬ್ಬರಿಗೆ ತಿಳಿಸು. ಡಾಕ್ಟರ ಹತ್ತಿರ ಹೋಗುವುದಾದರೆ ನಾನು ಜೊತೆಗೆ ಬರುತ್ತೇನೆ. ದಾರಿಯಲ್ಲಿ ಮಾತಾಡಿಸುವುದಿಲ್ಲ.

ಬಿಡುವು ಮುಗಿಯಿತು. ಮಾಲೀಕರು ಎರಡು ಸಲ ಇಣುಕಿ ನೋಡಿ ಹೋದರು.

ನಿನ್ನ ಉತ್ತರಕ್ಕೆ ಕಾಯುವ, ಅವಸರವಿಲ್ಲದ,
ಅಮ್ಮ

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು: ಕೆಲಸ ಸಾಕೆನಿಸಿ ಬಂದೆ ಎಂದೆನಲ್ಲ, ಅದು ಸುಳ್ಳು. ಲಾಂಡ್ರಿಯ ಪುಸ್ತಕದಲ್ಲಿ ಬರೆದುಕೊಳ್ಳಲು ಮೊದಲ ದಿನ ಹೆಸರು ಕೇಳಿದರು. ನನ್ನದನ್ನು ಹೇಳಲು ಮನಸ್ಸಾಗಲಿಲ್ಲ. ಬಾಯಿಗೆ ಬಂದದ್ದು ಶಾಲೆಯಲ್ಲಿ ಬರೆಸಿದ್ದ ನಿನ್ನ ಹೆಸರು. ಎಂಟು ದಿನವೂ ಎಲ್ಲರೂ ನನ್ನನ್ನು ನಿನ್ನ ಹೆಸರಿನಿಂದಲೇ ಕರೆದರು. ಎಂಟನೆಯ ದಿನ ನನ್ನ ಕೈಯಿಂದ ಒಂದು ಹೊದಿಕೆ ಜಾರಿ ಒದ್ದೆ ನೆಲಕ್ಕೆ ಬಿತ್ತು. ಮೇಲ್ವಿಚಾರಕಿ ಆ ಕೊನೆಯಿಂದ ನಿನ್ನ ಹೆಸರು ಹಿಡಿದು ಕೂಗಿ, "ಕೆಲಸ ಬರಲ್ಲ ಅಂದ್ರೆ ಮನೆಗೆ ಹೋಗು" ಎಂದಳು. ಯಾವುದೋ ಗೊತ್ತಿಲ್ಲದ ಊರಿನಲ್ಲಿ ಯಾರೋ ನಿನ್ನನ್ನು ಬೈಯುತ್ತಿದ್ದಾರೆ, ನಾನು ಹತ್ತಿರ ಇಲ್ಲ ಎನಿಸಿತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಸಿಟ್ಟು ಬಂತು. ಏಪ್ರನ್ ಬಿಚ್ಚುವುದನ್ನೂ ಮರೆತು ಬಸ್ ನಿಲ್ದಾಣಕ್ಕೆ ನಡೆದೆ.